ಕೆನ್ನೆಗೆ ಚಮಚ ಒತ್ತಬೇಡ, ಪುಟ್ಟಿ

ಪುಟ್ಟಿ,

ಮಾತ್ರೆ ನುಂಗಿ ಈಗಷ್ಟೇ ಕಣ್ಣು ಮುಚ್ಚಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಬೇಕರಿಗೆ ಹೊರಟಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ, ಕುಡಿ.

ಆ ಹಾಲು ತೆಗೆಯಲು ಹೋದಾಗಲೇ ಫ್ರೀಜರಿನಲ್ಲಿ ಎರಡು ಚಮಚ ಸಿಕ್ಕಿದವು. ಊತ ಇಳಿಯಲೆಂದು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೀಯ, ಅಲ್ಲವೇ? ಹೊಟ್ಟೆಯಿಂದ ತೆಗೆದು ಕೆನ್ನೆಗೆ ತುಂಬಿದ ಕೊಬ್ಬು ಇನ್ನೂ ಹಿಡಿದುಕೊಂಡಿಲ್ಲ, ಒತ್ತಬೇಡಿ, ಐಸ್ ಇಡಬೇಡಿ ಎಂದು ನರ್ಸ್ ನನ್ನೆದುರೇ ಹೇಳಿದ್ದರು. "ಅವರ ಮಾತು ಮೀರೋಕೆ ನನಗೇನು ಕೊಬ್ಬಾ ಅಕ್ಕಾ?" ಎಂದು ನೀನು ನಗಿಸಿದ್ದೆ. ಇದೆ ಕಣೇ, ಕೆನ್ನೆಯಲ್ಲಿರುವುದಕ್ಕಿಂತ ಹೆಚ್ಚೇ ಇದೆ.

ಚಮಚ ಬಚ್ಚಿಟ್ಟಿದ್ದೇನೆ, ಹುಡುಕಬೇಡ.

ನೀನು ಮಲಗಿದ ಮೇಲೆ ಮೆಲ್ಲಗೆ ಮುಟ್ಟಿ ನೋಡಿದೆ. ಎಡಗೆನ್ನೆ ಸುಡುತ್ತಿದೆ, ಗಟ್ಟಿಯಾಗಿದೆ, ಬಲಗೆನ್ನೆ ಹಾಗಿಲ್ಲ. ಒಳಗೆ ಕೀವು ಕಟ್ಟುತ್ತಿದೆಯೋ, ಬರೀ ನನ್ನ ಭಯವೋ ಗೊತ್ತಿಲ್ಲ. ಸಂಜೆ ಕ್ಲಾಸಿನಲ್ಲಿ ನಾನು ಕಲಿತದ್ದು ಟೈಪಿಂಗ್, ವೈದ್ಯವಲ್ಲ. ಎದ್ದ ಕೂಡಲೇ ಡಾಕ್ಟರಿಗೆ ಫೋನ್ ಮಾಡು. "ಏನಿಲ್ಲ, ಸ್ವಲ್ಪ ಕೆಂಪಗಿದೆ" ಎನ್ನಬೇಡ. ಇದ್ದದ್ದು ಇದ್ದ ಹಾಗೆ ಹೇಳು. ಉಸಿರು ಕಟ್ಟಿದರೆ, ಕಣ್ಣು ಮಂಜಾದರೆ ಫೋನೂ ಬೇಡ, ಪಕ್ಕದ ಮನೆ ಆಂಟಿಯನ್ನು ಕೂಗಿ ನೇರ ಆಸ್ಪತ್ರೆಗೆ ಹೋಗು.

ಕೆನ್ನೆ ತುಂಬಿಸದೆಯೂ ಚೆನ್ನಾಗಿಯೇ ಇದ್ದೆಯಲ್ಲೇ ನೀನು.

ಇಲ್ಲ, ಇಷ್ಟು ಬರೆದಿಟ್ಟು ಹೋಗಿ ನಾನು ಅಲ್ಲಿ ಹಿಟ್ಟು ನಾದಲಾರೆ. ಕೆಲಸಕ್ಕೆ ಹೋಗುತ್ತಿಲ್ಲ. ಆಸ್ಪತ್ರೆಗೆಂದು ಬೀದಿ ತುದಿಯಿಂದ ಗಾಡಿ ತರಲು ಹೋಗಿದ್ದೇನೆ. ಅಷ್ಟರಲ್ಲಿ ಎದ್ದರೆ ಚಪ್ಪಲಿ ಹಾಕಿಕೊಂಡು ಕುಳಿತಿರು. ಜಗಳವನ್ನು ಗಾಡಿಯಲ್ಲಿ ಆಡೋಣ.

ಅಕ್ಕ