ಮುಳುಗದ ಕಾರು ಮತ್ತು ಅಜ್ಜನ ಸೂಜಿ

ಉತ್ತರ ಮಿಶಿಗನ್ನಿನ ನಮ್ಮ ಆಸ್ಪತ್ರೆಯ ಕರಪತ್ರ ವಿಭಾಗದ ಮುಖ್ಯಸ್ಥರೇ,

ಸತ್ತವರನ್ನು ಸರದಿಯಲ್ಲಿ ನಿಲ್ಲಿಸಿ, ಬದುಕಿರುವ ನನ್ನ ಅಜ್ಜನನ್ನು ನಮ್ಮ ಫಿನ್ನಿಶ್ ಹಿರಿಯರ ಬಿಸಿಯಾವಿಯ ಸ್ನಾನಮನೆಯಾದ ಸೌನಾದಿಂದ ಹೊರಹಾಕಿದ್ದೀರಿ. ಇದೇ ನನ್ನ ದೂರು.

ಅಜ್ಜ ರೈನೋ ಕಾರ್ವೊನೆನ್ ಅವರಿಗೆ ಎಂಬತ್ತಾರು. ಎರಡು ಸಲ ಹೃದಯಾಘಾತವಾಗಿದೆ. ಇನ್ನು ಎರಡು ಮೂರು ವರ್ಷ ಓಡಬಹುದು ಎಂದು ನಿಮ್ಮದೇ ಹೃದಯ ವೈದ್ಯರು ಹೇಳಿದ್ದಾರೆ. ಕಳೆದ ಚಳಿಗಾಲ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿತು, ಬಸವನಹುಳುವಿನಷ್ಟು ನಿಧಾನದ್ದು. ಮೂರು ತಿಂಗಳಿಗೊಂದು ಹಾರ್ಮೋನ್ ಸೂಜಿ ಶುರುವಾಯಿತು. ಜೊತೆಗೆ ತಮ್ಮ ಗುಲಾಬಿ ಕರಪತ್ರ: ಹತ್ತು ವರ್ಷಗಳಲ್ಲಿ ಈ ರೋಗದಿಂದ ಸಾಯುವವರು ನೂರಕ್ಕೆ ಇಪ್ಪತ್ತು, ಸೂಜಿ ತೆಗೆದುಕೊಂಡರೆ ಬರೀ ಹತ್ತು!

ಸೂಜಿ ಬಿದ್ದ ಮೇಲೆ ಅಜ್ಜನಿಗೆ ತಲೆಸುತ್ತು, ಕಾಲಲ್ಲಿ ಬಲವಿಲ್ಲ, ಕೂತಲ್ಲೇ ಮೈಯೆಲ್ಲ ಬಿಸಿ. ಸೌನಾದಲ್ಲಿ ಕೂರುವ ಮೇಲಿನ ಹಲಗೆಯಿಂದ ಎರಡು ಸಲ ಜಾರಿದರು.

"ಯಜಮಾನ್ರೇ, ಇನ್ಮೇಲೆ ಸೌನಾ ಬೇಡ," ಅಂದರು ನಿಮ್ಮ ನರ್ಸಮ್ಮ.

"ಬೇಡ ಅಂದ್ರೆ? ಎಂಬತ್ತು ವರ್ಷದಿಂದ ಒಂದು ಶನಿವಾರ ತಪ್ಪಿಸಿಲ್ಲ ಕಣಮ್ಮ."

"ಬೆವರೋಕೆ ತಾನೇ ಹೋಗೋದು? ಈ ಸೂಜಿ ಕುರ್ಚಿ ಮೇಲೇ ಬೆವರಿಸುತ್ತಲ್ಲ!"

"ಹೌದೌದು, ಹೊಟ್ಟೆಯೊಳಗೇ ಒಲೆ ಹಚ್ಚಿಟ್ಟಿದ್ದೀರಿ. ಪಕ್ಕದಲ್ಲಿ ವೆಯ್ನೋನ ಕೂರಿಸೋಕೆ ಮಾತ್ರ ಜಾಗ ಇಲ್ಲ."

ವೆಯ್ನೋ ಪಕ್ಕದ ಮನೆಯವರು, ಅಜ್ಜನ ಬಾಲ್ಯದ ಗೆಳೆಯ. ರಸ್ತೆಯಲ್ಲಿ ಎದುರಾದರೆ ಇಬ್ಬರೂ ತಲೆಯಾಡಿಸುತ್ತಾರೆ, ಅಷ್ಟೇ. ಅವರ ಮಾತುಕತೆಯೆಲ್ಲ ನಡೆಯುವುದು ಶನಿವಾರ, ಆ ಹಲಗೆಯ ಮೇಲೆ, ಆವಿಯೊಳಗೆ.

ನಾನು ಕಾಲೇಜು ಕಂಡವಳಲ್ಲ. ನಿಮ್ಮ ಕಾಯುವ ಕೋಣೆಯಲ್ಲಿ ಕರಪತ್ರ ಓದಿಯೇ ಬುದ್ಧಿ ಕಲಿತವಳು, ಹಿಂಬದಿಯ ಇರುವೆ ಗಾತ್ರದ ಅಕ್ಷರವನ್ನೂ ಬಿಡದವಳು. ಅಲ್ಲೇ ಸಿಕ್ಕಿತು: "ಬೇರೆ ಕಾರಣದಿಂದ ತೀರಿಕೊಂಡವರನ್ನು ಪಟ್ಟಿಯಿಂದ ಕೈಬಿಡಲಾಗಿದೆ." ಅಂದರೆ, ಉಳಿದವರ ಲೆಕ್ಕವನ್ನೇ ಎಲ್ಲರಿಗೂ ಹಚ್ಚಿ, ಹೃದಯ ನಿಂತು ಹೋದವನೂ ಉಳಿದವರಂತೆಯೇ ಮುಂದೊಂದು ದಿನ ಕ್ಯಾನ್ಸರಿನಿಂದ ಸಾಯಬಹುದು ಎಂದು ಊಹಿಸಿದ್ದೀರಿ. ಸಮಾಧಿಯಲ್ಲಿ ಮಲಗಿದವನಿಗೆ ಇನ್ನೊಂದು ಸಾವಿನ ಸರದಿಯೇ?

ಈ ಜಾಣತನ ನಮ್ಮೂರಿಗೆ ಹೊಸದಲ್ಲ. ಪ್ರತಿ ಚಳಿಗಾಲ ಹೆಪ್ಪುಗಟ್ಟಿದ ಸರೋವರದ ಮೇಲೆ ಎಂಜಿನ್ ಕಿತ್ತ ಹಳೇ ಕಾರು ನಿಲ್ಲಿಸುತ್ತೇವೆ. ಮಂಜುಗಡ್ಡೆ ಕರಗಿ ಅದು ಮುಳುಗುವ ದಿನವನ್ನು ಸರಿಯಾಗಿ ಊಹಿಸಿದವರಿಗೆ ಹೊಗೆಯಲ್ಲಿ ಬೇಯಿಸಿದ ದೊಡ್ಡ ಮೀನು. ಹೋದ ವರ್ಷ, ಅಡಿಯಲ್ಲಿ ಉಳಿದ ಎಣ್ಣೆ ಸೋರುತ್ತದೆಂದು ಮಾರ್ಚಿನಲ್ಲೇ ಅಧಿಕಾರಿಗಳು ಕಾರನ್ನು ಎಳೆಸಿಕೊಂಡು ಹೋದರು. ಸಮಿತಿ ಬಿಟ್ಟೀತೇ? "ಇದ್ದಿದ್ದರೆ ಏಪ್ರಿಲ್ ಹನ್ನೊಂದಕ್ಕೆ ಮುಳುಗುತ್ತಿತ್ತು" ಎಂದು ತೀರ್ಪು ಕೊಟ್ಟು, ಅದೇ ದಿನ ಹೇಳಿದ್ದ ನಮ್ಮಜ್ಜನಿಗೇ ಮೀನು ಒಪ್ಪಿಸಿತು. ಊರೆಲ್ಲ ನಕ್ಕಿತು, ಅಜ್ಜ ಚಪ್ಪರಿಸಿ ತಿಂದರು. ಆದರೆ ಮುಳುಗದ ಕಾರಿಗೆ ಮೀನು ತಿಂದವರು ಹಲಗೆಯಿಂದ ಜಾರಿ ಬೀಳುವುದಿಲ್ಲ, ಸ್ವಾಮಿ.

ಔಷಧಿಯನ್ನು ಸರೋವರಕ್ಕೆಸೆಯಿರಿ ಎನ್ನುತ್ತಿಲ್ಲ. ಇದೇ ರೋಗವಿರುವ, ಐವತ್ತೆಂಟರ, ಗಟ್ಟಿ ಹೃದಯದ ನಮ್ಮೂರ ಶಾಲೆಯ ಮೇಷ್ಟರಿಗೆ ಇದೇ ಸೂಜಿ ವರ್ಷಗಳನ್ನು ಕೊಡಬಹುದು. ಅಜ್ಜನಿಗೆ ಲಾಭವಿರುವುದು ಹತ್ತು ವರ್ಷದಾಚೆ, ನಷ್ಟ ಈ ಶನಿವಾರ. ಹೃದಯ ವಿಭಾಗ ಮೂರು ವರ್ಷ ಎನ್ನುತ್ತದೆ, ತಾವು ಹತ್ತು ವರ್ಷದ ಆಸೆ ಹಂಚುತ್ತೀರಿ. ಒಂದೇ ಕಟ್ಟಡ, ಒಂದೇ ಲಿಫ್ಟು, ಒಮ್ಮೆಯಾದರೂ ಎದುರುಬದುರಾಗಬಾರದೇ?

ಕರಪತ್ರ ಹೊಸದಾಗಿ ಅಚ್ಚಾಗಲಿ. ಅಜ್ಜನಂಥ ನೂರು ಮಂದಿಯಲ್ಲಿ ಈ ರೋಗದಿಂದ ಸಾಯುವವರೆಷ್ಟು, ಅದಕ್ಕೂ ಮೊದಲೇ ಬೇರೆ ಕಾರಣದಿಂದ ಹೋಗುವವರೆಷ್ಟು, ಸೂಜಿಯಿಂದ ನೆಲಕ್ಕೆ ಬಿದ್ದವರೆಷ್ಟು ಎಂಬುದೆಲ್ಲ ಒಂದೇ ಪುಟದಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಬರಲಿ. ಮುಂದಿನ ಸೂಜಿ ಮಂಗಳವಾರ. ಅದಕ್ಕೆ ಮುಂಚೆ ವೈದ್ಯರು ಇದನ್ನು ಅಜ್ಜನ ಮುಂದಿಟ್ಟು, ನಿಮಗೇನು ಬೇಕು ಎಂದು ಕೇಳಲಿ. ಇದುವರೆಗೆ ಯಾರೂ ಕೇಳಿಲ್ಲ.

ನಾನು ಕೇಳಿದೆ.

"ಯಾವುದರಿಂದಾದ್ರೂ ಸಾಯ್ತೀನಿ ಬಿಡು ಹುಡುಗಿ," ಅಂದರು ಅಜ್ಜ. "ಶನಿವಾರ ಪಾಪ, ವೆಯ್ನೋ ಒಬ್ಬನೇ ಕೂತಿರ್ತಾನೆ. ಅವನಿಗೆ ಮಾತಾಡೋಕೆ ಬೇರೆ ಜಾಗ ಗೊತ್ತಿಲ್ಲ."

ಇಂತಿ,
ಮಂಗಳವಾರ ನನ್ನ ಕಾರನ್ನು ನಿಮ್ಮತ್ತ ತಿರುಗಿಸಬೇಕೋ ಬೇಡವೋ ತಿಳಿಯದೆ, ಶನಿವಾರದ ಸೌನಾ ಒಲೆಯ ಕಟ್ಟಿಗೆಯನ್ನಂತೂ ಸೀಳಿಟ್ಟಿರುವ,
ಐಲಿ ಕಾರ್ವೊನೆನ್
(ಬಹುಶಃ ತಮ್ಮ ಕರಪತ್ರಗಳನ್ನು ಕೊನೆಯ ಸಾಲಿನವರೆಗೆ ಓದಿದ ಒಬ್ಬಳೇ ಒಬ್ಬಳು)