ಉಪ್ಪಿನಕಾಯಿಯ ಕಲ್ಲು

ಗೋಕಾಕ
ತಾರೀಖು ೧೪ ನವೆಂಬರ್ ೧೯೩೭, ರವಿವಾರ, ಬೆಳಿಗ್ಗೆ

ಪ್ರೀತಿಯ ಮಗಳು ಚಿ. ಸೌ. ಚನ್ನವ್ವನಿಗೆ,

ನಿನ್ನಪ್ಪನ ಆಶೀರ್ವಾದ. ಎಡ ಮೊಣಕಾಲೊಂದನ್ನು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ಅದು ಮಾತ್ರ ನನ್ನನ್ನು ಬಿಟ್ಟು ಬೇರೆ ಸಂಸಾರ ಹೂಡಿದೆ. ಹಿಂದಿನ ಕಾಗದದ ತಲೆಯ ಮೇಲೆ ಶ್ರೀಕಾರ ಇರಲಿಲ್ಲವೆಂದು ನಿನ್ನ ಮಾವ ಮಾಲಿಂಗಪ್ಪನವರು ಬೇಸರಪಟ್ಟರೆಂದು ಬರೆದಿದ್ದೆ. ಅದಕ್ಕೇ ಈ ಸಾರಿ ತಾರೀಖನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ತಲೆ ಬರಿದಾಗಿ ಕಾಣಬಾರದೆಂದು. ಆದರೂ ಇದನ್ನು ಅವರು ನೋಡುವುದು ಬೇಡ. ಟಪಾಲಿಗೆ ಹಾಕಿದರೆ ಅಳಿಯಂದಿರು ಪಡಸಾಲೆಯಲ್ಲಿ ಕುಳಿತು ಊರಿಗೇ ಕೇಳುವಂತೆ ಓದುತ್ತಾರೆ. ಆದ್ದರಿಂದ ಬೆಲ್ಲದ ಗಾಡಿ ಹೊಡೆಯುವ ಹೊಳೆಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ನಿಮ್ಮ ಯಮಕನಮರಡಿಗೆ ಹೊರಡುತ್ತಾನೆ. ನಿನ್ನ ಕೈಗೇ ಕೊಡಬೇಕು ಎಂದು ಎರಡು ಸಾರಿ ಹೇಳಿದ್ದಕ್ಕೆ, “ಮಾಸ್ತರ, ಮಗಳಿಗೆ ಬರಿಯೂ ಕಾಗದಕ್ಕ ಇಷ್ಟ್ಯಾಕ ಗುಟ್ಟ್ರಿ? ಕೋರ್ಟಿನ ಸಮನ್ಸ್ ಏನ?” ಎಂದು ನಕ್ಕ.

ಹೋದ ಗುರುವಾರ ನಿನ್ನ ಮಾವ ಕೋರ್ಟಿನ ತಾರೀಖಿಗೆಂದು ಗೋಕಾಕಕ್ಕೆ ಬಂದವರು ನಮ್ಮ ಮನೆಗೂ ಬಂದಿದ್ದರು. ಅಮಾವಾಸ್ಯೆ ಕಳೆದ ಮೇಲೆ ನಿನ್ನನ್ನು ಬಾಣಂತನಕ್ಕೆ ಇಲ್ಲಿಗೇ ಕಳಿಸಲು ಒಪ್ಪಿದರು. ಈ ಸುದ್ದಿ ಇಷ್ಟರಲ್ಲಿ ನಿನಗೆ ಮುಟ್ಟಿರುತ್ತದೆ. ಅವರು ಹೇಗೆ ಒಪ್ಪಿದರು ಎಂಬುದು ಮುಟ್ಟಿರಲಿಕ್ಕಿಲ್ಲ. ಅದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ, ಅದಕ್ಕೇ ಈ ಕಾಗದ.

ಹೋದ ತಿಂಗಳು ಅವರು ಬರೆಸಿದ ಪತ್ರ ನಿನಗೆ ನೆನಪಿದೆ. ತಾಯಿ ಇಲ್ಲದ, ದೇವರೂ ಇಲ್ಲದ ಮನೆಗೆ ಚೊಚ್ಚಲ ಬಾಣಂತನಕ್ಕೆ ಸೊಸೆಯನ್ನು ಹೇಗೆ ಕಳಿಸುವುದು ಎಂದು ಕೇಳಿದ್ದರು. ಸಿಟ್ಟಿನಿಂದಲ್ಲ, ಚಿಂತೆಯಿಂದ, ಆ ಮನುಷ್ಯ ಒಳ್ಳೆಯವರು. ಆ ಪತ್ರದ ಕೆಳಗೆ ಮೂಲೆಯಲ್ಲಿ ಪೆನ್ಸಿಲಿನಿಂದ ನೀನು ಒಂದು ಸಾಲು ಸೇರಿಸಿದ್ದೆ: ಅಪ್ಪಾ, ನನಗೆ ಅಲ್ಲಿಗೇ ಬರಬೇಕು. ಅದನ್ನು ಎಷ್ಟು ಸಾರಿ ಓದಿದೆನೆಂದು ಹೇಳುವುದಿಲ್ಲ. ಪುಣೆಯ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿತವನಿಗೆ ಇಂಥ ಹೊತ್ತಿಗೆ ಒಂದಲ್ಲ ಒಂದು ಗಾದೆ ಬರುತ್ತದೆ. ನೆಸೆಸಿಟಿ ಈಸ್ ದಿ ಮದರ್ ಆಫ್ ಎನ್ನುವುದು ಬಂತು. ಯಾವುದರ ತಾಯಿ ಎಂಬುದು ಬರಲಿಲ್ಲ. ಇರಲಿ, ತಾಯಿ ಒಬ್ಬಳು ಬೇಕಾಗಿದ್ದಳು, ಅಷ್ಟು ತಿಳಿಯಿತು. ಮರುದಿನವೇ ಕಲ್ಲೋಳಿಗೆ ಹೋಗಿ ನನ್ನ ಅಕ್ಕ, ನಿನ್ನ ಸೋದರತ್ತೆ ಸಾತವ್ವನನ್ನು ಕರೆದುಕೊಂಡು ಬಂದೆ.

ಇಲ್ಲಿ ಹಿಂದಿನದು ಸ್ವಲ್ಪ ಹೇಳಬೇಕು. ನಮ್ಮದು ದೇವರಿಲ್ಲದ ಮನೆ ಎಂದು ಮಂದಿ ಆಡುವುದನ್ನು ಕೇಳಿಯೇ ನೀನು ಬೆಳೆದೆ. ಯಾಕೆ ಹಾಗಾಯಿತೆಂದು ನಾವು ನಿನಗೆ ಸರಿಯಾಗಿ ಹೇಳಲಿಲ್ಲ. ಎಲ್ಲರೂ ನನ್ನ ಕಾಲೇಜಿನ ಮೇಲೆ ತಪ್ಪು ಹೊರಿಸುತ್ತಾರೆ. ನಾನು ಪೂಜೆ ಬಿಟ್ಟದ್ದು ಸೋಮಾರಿತನದಿಂದ. ನಿಜವಾಗಿ ಬಿಟ್ಟವಳು ನಿಮ್ಮವ್ವ. ನೀನು ಹುಟ್ಟುವ ಹಿಂದಿನ ವರ್ಷ ಇನ್ಫ್ಲುಯೆಂಜಾ ಬಂದಾಗ ನಮ್ಮ ಮನೆಯಲ್ಲಿ ಹನ್ನೊಂದು ಮಂದಿ ನೆಂಟರು ಮಲಗಿದ್ದರು. ಹದಿನೆಂಟು ದಿನ ನಿಮ್ಮವ್ವ ಒಲೆಯ ಮುಂದಿನಿಂದ ಹಾಸಿಗೆಗೆ, ಹಾಸಿಗೆಯಿಂದ ಒಲೆಗೆ ತಿರುಗಿದಳು. ಒಂಬತ್ತು ಮಂದಿ ಎದ್ದರು, ಇಬ್ಬರು ಏಳಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ದೇವರ ಜಗಲಿಯ ಮುಂದೆ ನಿಂತು, “ಎದ್ದವರಿಗೂ ಗಂಜಿ ಹಾಕೇನಿ, ಏಳದವರಿಗೂ ಹಾಕೇನಿ. ನಿಮಗ ನೀರ ಹಾಕಾಕ ಪುರಸೊತ್ತ ಸಿಗಲಿಲ್ಲ. ಇನ್ನ ಮುಂದ ನನಗ ಇದ ನೇಮಾ” ಎಂದಳು. ಜಗಳವಿಲ್ಲ, ಅಳುವಿಲ್ಲ. ಜಗಲಿಯ ದೇವರುಗಳನ್ನು ಮಡಿಬಟ್ಟೆಯಲ್ಲಿ ಕಟ್ಟಿ, ಹಾಳಾಗಬಾರದೆಂದು ಕಲ್ಲೋಳಿಗೆ ಅಕ್ಕನ ಮನೆಗೆ ಕಳಿಸಿದಳು. ಖಾಲಿಯಾದ ಜಗಲಿಯ ಮೇಲೆ ನೆಂಟರ ಕಾಗದಗಳನ್ನು ಇಡಲು ಸುರುಮಾಡಿದಳು. ಯಾರ ಮಗನಿಗೆ ಇಲ್ಲಿ ಇದ್ದು ಸಾಲೆ ಕಲಿಯಬೇಕಾಗಿದೆ, ಯಾರಿಗೆ ಔಷಧ ಬೇಕು, ಯಾರು ಯಾವ ತಾರೀಖಿಗೆ ಕೋರ್ಟಿಗೆ ಬರುತ್ತಾರೆ, ಎಲ್ಲ ಅಲ್ಲೇ. ದೇವರಿಲ್ಲದ ಮನೆ ಎನ್ನುತ್ತಲೇ ಮಂದಿ ಬಂದು ಉಂಡು ಹೋದರು. ನೆಂಟರಿಲ್ಲದ ದಿನವನ್ನು ಮಾತ್ರ ಈ ಮನೆ ಕಾಣಲಿಲ್ಲ.

ಮೂರು ವರ್ಷದ ಹಿಂದೆ ಅವಳು ಹೋದ ಮೇಲೂ ಕಾಗದಗಳು ಅಲ್ಲೇ ಇವೆ. ಈಗ ಹೆಚ್ಚಿನವು ನಿನ್ನವು. ಧೂಳು ಕೂರದಂತೆ ಅವಳ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡೊಂದನ್ನು ಹೊದಿಸಿದ್ದೇನೆ. ಗಾಳಿಗೆ ಹಾರದಂತೆ ಮೇಲೆ ಒಂದು ಕಲ್ಲು. ಆ ಕಲ್ಲು ನಿನಗೆ ಗೊತ್ತು, ಘಟಪ್ರಭೆಯ ದಂಡೆಯಲ್ಲಿ ನಿಮ್ಮವ್ವ ಆರಿಸಿ ತಂದ ಕರೀ ಗುಂಡುಕಲ್ಲು, ಉಪ್ಪಿನಕಾಯಿ ಭರಣಿಯಲ್ಲಿ ಹೋಳು ಮೇಲೇಳದಂತೆ ಒತ್ತಿ ಇಡುತ್ತಿದ್ದಳಲ್ಲ, ಅದು. ಭರಣಿ ಖಾಲಿಯಾದ ಮೇಲೆ ಕಲ್ಲಿಗೆ ಬೇರೆ ಕೆಲಸವಿರಲಿಲ್ಲ. ಬೆಳಿಗ್ಗೆ ಧೂಳು ಒರೆಸಲೆಂದು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಷ್ಟೆ.

ಅಕ್ಕ ಬಂದ ದಿನ ಗಾಡಿ ಇಳಿದವಳೇ, “ಜಗಲಿ ಎಲ್ಲೈತೋ ಅಪ್ಪಣ್ಣಾ? ಕೈ ಹಿಡಕೊಂಡ ನಡಿ” ಎಂದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆಳಕು ಯಾವುದು, ಬಾಗಿಲು ಯಾವುದು, ಅಷ್ಟು ಕಾಣುತ್ತದೆ. ನಿಮ್ಮವ್ವ ಹೋದ ಮೇಲೆ ತಮ್ಮ ಮೆತ್ತಗಾಗಿ ಹೊಸ ಜಗಲಿ ಮಾಡಿಕೊಂಡಿದ್ದಾನೆಂದು ತಿಳಿದಳೋ ಏನೋ. ಇಲ್ಲ ಎಂದು ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಗೋಡೆ ಹಿಡಿದುಕೊಂಡು ತಾನೇ ಹೋಗಿ, ಸೆರಗಿನ ತುಂಡನ್ನು ಮುಟ್ಟಿ, ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಮುಖದ ಹತ್ತಿರ ತಂದು, ಮೆಲ್ಲಗೆ ಇಟ್ಟು ಕೈ ಮುಗಿದಳು. ಚೀಲದಿಂದ ವಿಭೂತಿ ತೆಗೆದು ಮೂರು ಬೆರಳು ಎಳೆದಳು. ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಅಂದಿನಿಂದ ದಿನವೂ ದೀಪ ಹಚ್ಚುತ್ತಾಳೆ. ಸೈಲೆನ್ಸ್ ಈಸ್ ಗೋಲ್ಡನ್ ಎನ್ನುತ್ತಿದ್ದರೋ, ಗಿಲ್ಟಿ ಎನ್ನುತ್ತಿದ್ದರೋ, ನಮ್ಮ ಪ್ರೊಫೆಸರು ಸತ್ತು ಬಹಳ ವರ್ಷವಾಯಿತು, ಕೇಳುವಂತಿಲ್ಲ.

ಅವಳ ಸ್ವಂತ ಲಿಂಗಪೂಜೆ ಬೇರೆ. ಕೊರಳಲ್ಲಿರುವ ಲಿಂಗಕ್ಕೆ ನೀರು, ಪತ್ರಿ ಆಗದೆ ಅವಳು ತುತ್ತು ಮುಟ್ಟುವುದಿಲ್ಲ. ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ. ನಮ್ಮ ಮನೆಗೆ ಬಂದವರು ಹಸಿದಿರಬಾರದು, ಅದೊಂದೇ ನಮ್ಮ ಮನೆಯ ಶಾಸ್ತ್ರ. ಅವಳಿಗೆ ಕಾಣುವುದಿಲ್ಲವಾದ್ದರಿಂದ ದಿನಾ ಬೆಳಿಗ್ಗೆ ನಾನೇ ಬೇಲಿಯಾಚೆ ಹೋಗಿ ಬಿಲ್ವಪತ್ರಿ ಹರಿದು ತರುತ್ತೇನೆ. ಮೊದಲ ದಿನ ಗಿಡದ ಕೆಳಗೆ ಪದ್ಮವ್ವ ನಿಂತಿದ್ದಳು, ನಮ್ಮ ಹಿಂದಿನ ಮನೆಯವಳು, ಅವಳ ನಾಲಿಗೆ ನಿನಗೆ ಗೊತ್ತಲ್ಲ. “ಏನ್ರಿ ಮಾಸ್ತರ, ಕಡೀಕೂ ಪತ್ರಿಗೆ ಬಂದ್ರೆಲ್ಲ!” ಎಂದಳು. “ಪತ್ರಿ ನಮ್ಮ ಅಕ್ಕಂದು, ನಾ ಬರೇ ಪೋಸ್ಟಮನ್” ಎಂದೆ. “ಹಂಗಾರ ನನಗೊಂದ ಮನಿಆರ್ಡರ್ ತರ್ರಿ” ಎಂದಳು. ಈಗ ಓಣಿಯಲ್ಲೆಲ್ಲ ನನ್ನ ಹೆಸರು ಪತ್ರಿ ಪೋಸ್ಟಮನ್.

ಇನ್ನು ಗುರುವಾರದ ಮಾತು. ನಿನ್ನ ಮಾವ ಬಂದಾಗ ನಾನು ಅಂಗಳದಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಅವರು ಕಟ್ಟೆಯ ಮೇಲೆ ಕುಳಿತಿದ್ದ ಅಕ್ಕನನ್ನೇ ಮೊದಲು ಮಾತಾಡಿಸಿದರು. “ಏನವಾ, ಆರಾಮ ಅದೀರಿ? ಇಲ್ಲಿ ನಿಮ್ಮ ಪೂಜಿ ಪುನಸ್ಕಾರಕ್ಕ ಅಡಚಣಿ ಆಗಾಕತ್ತಿರಬೇಕಲ್ಲ?” ಎಂದರು. ಅಕ್ಕ, “ಅಡಚಣಿ ಯಾಕ್ರಿ ಬೀಗರ? ಬರ್ರಿ ಒಳಗ, ನಮ್ಮ ತಮ್ಮನ ಜಗಲಿ ನೋಡ್ರಿ” ಎಂದು ಎದ್ದೇ ಬಿಟ್ಟಳು. ನಾನು ಎಣ್ಣೆಗಾಲಿನಲ್ಲಿ ಜಾರುತ್ತ ಹಿಂದೆ ಓಡಿದೆ.

ದೀಪ ಉರಿಯುತ್ತಿತ್ತು. ಸೆರಗಿನ ತುಂಡಿನ ಮೇಲೆ ಕರೀ ಕಲ್ಲು, ಕಲ್ಲಿನ ಮೇಲೆ ಬೆಳ್ಳನೆಯ ವಿಭೂತಿ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕಾಣುತ್ತಿತ್ತು. ನಿನ್ನ ಮಾವ ತಲೆಯ ಪಟಗ ಸರಿಮಾಡಿಕೊಂಡು ಕೈ ಮುಗಿದರು. “ಮಂದಿ ಬಾಯಿಗೆ ಏನ ಹೇಳೂದ್ರಿ ಮಾಸ್ತರ. ಸಣ್ಣ ಜಗಲಿ ಆದ್ರೂ ಚಂದ ಇಟ್ಟೀರಿ. ಯಾವ ದೇವರ್ರಿ ಇದು?” ಎಂದು ನನ್ನನ್ನು ಕೇಳಿದರು. ನನಗೆ ಕೆಮ್ಮು ಬಂತು. ಬರಿಸಿಕೊಂಡೆ. ಅಷ್ಟರಲ್ಲಿ ಅಕ್ಕ, “ಮನಿದೇವರ್ರಿ” ಎಂದಳು. “ಹಂಗಾರ ಹುಡುಗಿಗೆ ಚಿಂತಿಲ್ಲ ಬಿಡ್ರಿ. ಅಮಾಸಿ ಆದ ಮ್ಯಾಲ ನಾನ ತಂದ ಬಿಡತೇನಿ” ಎಂದು ಹೇಳಿ, ರೊಟ್ಟಿ ಉಂಡು, ಸಂತೋಷದಿಂದ ಹೋದರು.

ಹೀಗಾಯಿತು ನೋಡು. ಮೂವತ್ತು ವರ್ಷ ಸಾಲೆಯಲ್ಲಿ ಹುಡುಗರಿಗೆ ಸುಳ್ಳು ಹೇಳಬೇಡಿ ಎಂದವನು, ಒಂದು ಕೆಮ್ಮಿನ ಹಿಂದೆ ಅಡಗಿ ಮಗಳನ್ನು ಮನೆಗೆ ಕರೆಸಿಕೊಳ್ಳುತ್ತಿದ್ದೇನೆ. ದೇವರನ್ನು ನಂಬದವನು ದೇವರ ಹೆಸರಿನಲ್ಲಿ ಮೋಸ ಮಾಡಿದರೆ ಅದು ಎರಡು ಪಟ್ಟು ಮೋಸ. ಕಣ್ಣು ಕಾಣದ ಅಕ್ಕನಿಂದ ಉಪ್ಪಿನಕಾಯಿ ಕಲ್ಲಿಗೆ ಕೈ ಮುಗಿಸಿದೆ. ನಂಬಿ ಬಂದ ಬೀಗರಿಂದಲೂ ಮುಗಿಸಿದೆ. ಅವರಿಗೆ ನಿಜ ಬರೆದುಬಿಡೋಣವೆಂದು ಎರಡು ಸಾರಿ ಕೂತೆ. ಎರಡು ಸಾರಿಯೂ ನಿನ್ನ ಪೆನ್ಸಿಲಿನ ಸಾಲು ಅಡ್ಡ ಬಂತು. ಹೇಳಿದರೆ ನೀನು ಬರಲಾರೆ, ಹೇಳದಿದ್ದರೆ ನಾನು ನಿನ್ನ ಮುಖವನ್ನು ನೇರ ನೋಡಲಾರೆ. ಆದ್ದರಿಂದ ನಿನ್ನನ್ನೇ ಕೇಳುತ್ತಿದ್ದೇನೆ: ಹೇಳಲೋ, ಬಿಡಲೋ? ನೀನು ನಿಮ್ಮವ್ವನ ಮಗಳು, ನನಗಿಂತ ಸರಿಯಾಗಿ ತೂಗುತ್ತೀ. ಹೊಳೆಪ್ಪನ ಕೈಯಲ್ಲೇ ಉತ್ತರ ಕಳಿಸು.

ಇಲ್ಲಿಯ ತಯಾರಿಗೆ ಚಿಂತೆ ಬೇಡ. ಮೂಡಲಗಿಯ ಸೂಲಗಿತ್ತಿ ಕರೆವ್ವ ಬರಲು ಒಪ್ಪಿದ್ದಾಳೆ. ಹೆರಿಗೆಯಲ್ಲಿ ನಿನ್ನನ್ನು ಕೈಗೆ ಹಿಡಿದವಳೂ ಅವಳೇ. ಹುಟ್ಟಿದಾಗ ನೀನು ಓಣಿ ಎದ್ದು ಕೂರುವ ಹಾಗೆ ಅತ್ತಿದ್ದೆ ಎಂದು ಈಗಲೂ ಹೇಳುತ್ತಾಳೆ. ನೀನು ಮಲಗುವ ಹೊರಸಿಗೆ ಹೊಸ ನುಲಿಹಗ್ಗ ಹಾಕಿಸಿದ್ದೇನೆ. ಹುಕ್ಕೇರಿ ಕಡೆಯ ದಾರಿ ಕೆಟ್ಟಿದೆಯಂತೆ, ಗಾಡಿಯಲ್ಲಿ ಹುಲ್ಲು ಹೆಚ್ಚು ಹಾಕಿಸು, ನಾಚಿಕೊಳ್ಳಬೇಡ.

ನಿನ್ನ ದಾರಿ ನೋಡುತ್ತಿರುವ,
ಅಪ್ಪ
(ಅಪ್ಪಣ್ಣ ಮಾಸ್ತರ, ಸದ್ಯ ಪತ್ರಿ ಪೋಸ್ಟಮನ್)

ತಾ. ಕ.: ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಮಧ್ಯಾಹ್ನ ಅಕ್ಕ ಅಡಿಗೆಮನೆಯಿಂದ ಕೂಗಿದಳು: “ಅಪ್ಪಣ್ಣಾ, ಆ ಕಲ್ಲ ತಗೊಂಡ ಬಾ.”

“ಯಾವ ಕಲ್ಲ ಅಕ್ಕಾ?”

“ಯಾವ ಕಲ್ಲಂದ್ರ? ನಿನ್ನ ಹೇಣ್ತಿ ಉಪ್ಪಿನಕಾಯಿ ಒತ್ತೂ ಕಲ್ಲ. ಜಗಲಿ ಮ್ಯಾಲ ಕುಂತೈತಲ್ಲ, ಅದು. ಹುಡುಗಿ ಬರೂದರಾಗ ಲಿಂಬಿಕಾಯಿ ಮಾಗಿರಬೇಕು.”

ನಾನು ಕಲ್ಲು ತಂದು ಅವಳ ಕೈಗಿಟ್ಟೆ. ನಿನಗೆ ಗೊತ್ತಿತ್ತೇನು ಎಂದು ಕೇಳಿದೆ. “ಕಣ್ಣ ಹೋಗ್ಯಾವ, ಮೂಗ ಹೋಗಿಲ್ಲೋ ತಮ್ಮಾ. ಮೊದಲನೇ ದಿನಾನ ಇಂಗಿನ ವಾಸನಿ ಬಡೀತು. ಇಂಗ ನಾರೂ ದೇವರ ಯಾವ ಊರಾಗ ಐತಿ? ಈ ಮನಿ ದೇವರೆಲ್ಲಾ ಕಲ್ಲೋಳ್ಯಾಗ ನನ್ನ ಜಗಲಿ ಮ್ಯಾಲ ಕುಂತ ಹತ್ತೊಂಬತ್ತ ವರ್ಷಾತು” ಎಂದಳು. ನಿಮ್ಮವ್ವ ಗಂಟು ಕಟ್ಟಿ ಕಳಿಸಿದ್ದನ್ನು ಬಿಚ್ಚಿದವಳೇ ಇವಳು. ಇದೇ ಕಾಗದದಲ್ಲಿ ಬೆಳಿಗ್ಗೆ ಅದನ್ನು ಬರೆದೂ ನನಗೆ ಹೊಳೆಯಲಿಲ್ಲ ನೋಡು.

ಮತ್ತೆ ದೀಪ ಯಾಕೆ ಹಚ್ಚಿದೆ ಎಂದು ಕೇಳಿದೆ. ಲಿಂಬೆಹಣ್ಣು ಹೆಚ್ಚುತ್ತ, ತಲೆ ಎತ್ತದೆ, “ದಿನಾ ಮುಂಜಾನೆ ಅದರ ಮುಂದ ನಿಂತ ಅಕೀ ಕೂಡ ಮಾತಾಡ್ತೀ. ನನಗ ಕೇಳತೈತಿ. ಕತ್ತಲಾಗ ನಿಂತ ಯಾಕ ಮಾತಾಡಬೇಕು ಅಂತ ಹಚ್ಚಿದೆ” ಎಂದಳು. ಧೂಳು ಒರೆಸುತ್ತೇನೆ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕಬೇಕು. ಇರಲಿ, ಹಾಳೆ ಕೊಳೆಯಾಗುತ್ತದೆ.

ಬೀಗರಿಗೆ ಮನೆದೇವರು ಎಂದು ಹೇಳಿದ್ದೇಕೆ ಎಂದರೆ, “ಸುಳ್ಳೇನ?” ಎಂದಳು. ಅವರಿಗೆ ಪೂರ್ತಿ ಕಥೆ ಹೇಳುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಾಳೆ. ಮೊಮ್ಮಗುವನ್ನು ನೋಡಲು ಬಂದ ದಿನ ತೊಡೆಯ ಮೇಲೆ ಕೂಸನ್ನು ಕೊಟ್ಟು, ತಾಟಿಗೆ ಉಪ್ಪಿನಕಾಯಿ ಬಡಿಸಿ, ಆಮೇಲೆ ಹೇಳುತ್ತಾಳಂತೆ. ಮೊದಲು ನಿನ್ನ ಒಪ್ಪಿಗೆ ಬರಲಿ ಎಂದಿದ್ದೇನೆ.

ಕಲ್ಲು ಈಗ ಭರಣಿಯಲ್ಲಿದೆ. ನಿನ್ನ ಕಾಗದಗಳು ಹಾರದಂತೆ ಸದ್ಯಕ್ಕೆ ಅವುಗಳ ಮೇಲೆ ನನ್ನ ಚಷ್ಮೆಯ ಡಬ್ಬಿ ಇಟ್ಟಿದ್ದೇನೆ. ಅಕ್ಕ ಅದಕ್ಕೂ ವಿಭೂತಿ ಹಚ್ಚುವುದರೊಳಗೆ ಬಂದುಬಿಡು.