ಅರ್ಧ ಮೀಸೆಯ ಕಾವಲುಗಾರ

ಮಾಟುಂಗ, ಮುಂಬಯಿ
ತಾ. ೧೦-೨-೧೯೫೧

ನನ್ನವ್ವಾ ಕಾಶವ್ವಾ,

ಅಪ್ಪನ ಆಶೀರ್ವಾದ. ನಿನ್ನ ಕೆಮ್ಮು ಹೋಯಿತೇ? ಅವ್ವನ ಮೊಣಕಾಲು ಹೇಗಿದೆ? ಹುಣ್ಣಿಮೆಯ ಮರುದಿನ ನಿನ್ನ ನಿಶ್ಚಯ, ನಾನು ನೋಡಿದರೆ ಇಲ್ಲಿ ಸಿಕ್ಕಿಬಿದ್ದಿದ್ದೇನೆ. ಮೈ ಗಟ್ಟಿ ಇದೆ, ಮೀಸೆ ಮಾತ್ರ ಅರ್ಧ ಇದೆ. ನಗಬೇಡ, ಪೂರ್ತಿ ಓದು.

ನಮ್ಮ ಕಂಪನಿ ಊರೂರಲ್ಲಿ ಆಡಿದ ಹಳೆಯ ಕೋಟೆ ನಾಟಕ ಈಗ ಸಿನಿಮಾ ಆಗುತ್ತಿದೆಯಲ್ಲ, ಅದರಲ್ಲೂ ನಾನೇ ನಿದ್ದೆಬಡಕ ಕಾವಲುಗಾರ. ಶತ್ರು ಮುತ್ತಿಗೆ ಹಾಕಿದಾಗ ಗೊರಕೆ ಹೊಡೆದದ್ದಕ್ಕೆ ದೊರೆ ನನ್ನ ಅರ್ಧ ಮೀಸೆ ಬೋಳಿಸುತ್ತಾನೆ. ಸ್ಟೇಜಿನ ಮೇಲೆ ಅಂಟಿಸಿದ ಮೀಸೆ ಸಾಕಿತ್ತು. ಇಲ್ಲಿ ಡೈರೆಕ್ಟರ್ ಸಾಹೇಬರು, "ಕ್ಯಾಮೆರಾ ಮುಖದ ಪಾಸ್ ಬರ್ತದೆ, ಮೂಛ್ ಅಸಲೀ ಬೇಕು" ಅಂದರು. ಬೆಳೆಸಿದೆ, ಬೋಳಿಸಿದರು. ಮರುದಿನವೇ ಕ್ಯಾಮೆರಾಕ್ಕೆ ಹಾಕುವ ಫಿಲಂ ಖಲಾಸ್! ಕೊರಿಯಾದಲ್ಲಿ ಯುದ್ಧ ನಡೆದಿದೆ, ಹಡಗಿನಲ್ಲಿ ರೀಲು ಬರುತ್ತಿಲ್ಲ ಅನ್ನುತ್ತಾರೆ. ಎಲ್ಲಿಯ ಕೊರಿಯಾ, ಎಲ್ಲಿಯ ನನ್ನ ಮೂಗಿನ ಕೆಳಗಿನ ಜಾಗ!

ಕೋಟೆ ಬಾಗಿಲಲ್ಲಿ ಕಾದಾಡಿ ನಾನು ಸಾಯುವ ಸೀನು ಬಾಕಿ. ಅಲ್ಲಿಯ ತನಕ ಮುಖ ಹೀಗೇ ಇರಬೇಕಂತೆ. ಉಳಿದರ್ಧ ಬೋಳಿಸಿದರೆ ಈತನಕ ತೆಗೆದ ಸೀನೆಲ್ಲ ದಂಡ, ಕಂಪನಿಯ ಮಂದಿಯೆಲ್ಲ ಇದನ್ನೇ ನಂಬಿ ಕೂತಿದ್ದಾರೆ. ಊರಿಗೆ ಬಿಡಿರಿ ಅಂದರೆ ಮ್ಯಾನೇಜರ್ ರಮಾನಾಥರು, "ಶಿವಪುತ್ರಪ್ಪಾ, ಮದಲ ಸಾಯಿ, ಆಮ್ಯಾಲೆ ಊರಿಗೆ ಹೋಗೀಯಂತ" ಅಂದರು. ದಿನಾ ಮುಂಜಾನೆ ಮೇಕಪ್ಪಿನವ ಬಂದು ಬೋಳು ಭಾಗ ಕೆರೆಯುತ್ತಾನೆ. ಮೂಗಿನ ತನಕ ವಸ್ತ್ರ ಸುತ್ತಿಕೊಂಡು ಹೋಟೆಲಿಗೆ ಹೋದರೆ ಉಡುಪಿಯ ಸದಾನಂದ, "ಹಲ್ಲುನೋವಾ ಮಾರಾಯ್ರೇ? ಮತ್ತೆ ದೋಸೆ ಎರಡು ಯಾಕೆ?" ಅನ್ನುತ್ತಾನೆ. ಲೋಕಲ್ ರೈಲಿನಲ್ಲಿ ವಸ್ತ್ರ ಜಾರಿದರೆ ಡಬ್ಬಿ ತುಂಬ ನಗು. ನಗಿಸುವುದೇನೋ ನನ್ನ ಕಸುಬು, ಆದರೆ ಇವರು ನಮ್ಮ ಟಿಕೀಟು ತೆಗೆಯದೆ ನಗುತ್ತಾರಲ್ಲವ್ವಾ! ಅದಕ್ಕೇ ಚಾಳಿನ ಖೋಲಿಯಲ್ಲಿ ಕಿಟಕಿ ಮುಚ್ಚಿಕೊಂಡು ಕೂಡುತ್ತೇನೆ. ನಾಟಕದ ಕೋಟೆಯೇ ವಾಸಿ, ಅಲ್ಲಿ ಶತ್ರುವಾದರೂ ಕಣ್ಣಿಗೆ ಕಾಣುತ್ತಿದ್ದ.

ಅವ್ವನ ಕಾಲಿಗೆ ಎಣ್ಣೆ ತಿಕ್ಕು. ನಿನಗೆ ನೂರು ವರ್ಷ ಆಗಲಿ, ನೂರೂ ನಗುನಗುತ್ತ ಹೋಗಲಿ.

ನಿನ್ನ ಅಪ್ಪ,
ಶಿವಪುತ್ರಪ್ಪ

ತಾ.ಕ.: ಈಗಷ್ಟೇ ರಮಾನಾಥರ ಕಾಲು ಹಿಡಿದು ನಿಶ್ಚಯಕ್ಕೆ ರಜೆ ಪಡೆದೆ. ಮೀಸೆ ಮಾತ್ರ ಮುಟ್ಟುವಂತಿಲ್ಲ. ನಾಟಕದವನ ಮಗಳು ಅಂತ ಬೀಗರು ಮೊದಲೇ ಹಿಂದೆಮುಂದೆ ನೋಡಿದವರು. ಇದೇ ಮುಖ ಹೊತ್ತು ಬಂದು ಅವರೆದುರು ಕೂಡಲೇನವ್ವಾ? ಬಾ ಅನ್ನುವುದಾದರೆ ಒಂದು ಕಾರ್ಡು ಹಾಕು. ಬೇಡ ಅನಿಸಿದರೆ ಏನೂ ಬರೆಯಬೇಡ, ಕಾಕಾನನ್ನು ನನ್ನ ಜಾಗದಲ್ಲಿ ಕೂಡಿಸು. ನಾನು ಕಾರ್ಡು ಕಳೆದನೆಂದು ಟಪಾಲಿನವನನ್ನು ಬೈದುಕೊಂಡು ಸುಮ್ಮನಾಗುತ್ತೇನೆ.